ಕಲ್ಲಿನ ಲೆಕ್ಕ ಚದರಡಿಯಲ್ಲಿ, ಗಾಡಿಯ ಲೆಕ್ಕ ಕಿಲೋದಲ್ಲಿ

ಸಂಪಾದಕರಿಗೆ,

ಮಾನ್ಯರೇ,

ಓವರ್‌ಲೋಡ್ ಗಾಡಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರು ಕೊನೆಗೆ ಬಂದು ನಿಲ್ಲುವುದು ಚಾಲಕರ ದುರಾಸೆಯ ಹತ್ತಿರ. ನಾನು ಹದಿನೆಂಟು ವರ್ಷಗಳಿಂದ ಕಲಬುರಗಿ ಜಿಲ್ಲೆಯ ಶಹಾಬಾದ್‌ನಲ್ಲಿ ಬಾಡಿಗೆ ಪಿಕಪ್ ಗಾಡಿ ಓಡಿಸುತ್ತಿದ್ದೇನೆ. ಗಾಡಿ ನನ್ನದೇ, ಸಾಲವೂ ನನ್ನದೇ. ನಮ್ಮಲ್ಲಿ ದುರಾಸೆ ಇಲ್ಲವೆಂದು ನಾನು ಹೇಳಲಾರೆ. ಆದರೆ ಅದಕ್ಕಿಂತ ದೊಡ್ಡ ಕಾರಣವೊಂದನ್ನು ನಾನು ದಿನವೂ ನೋಡುತ್ತೇನೆ. ಗಾಡಿಗೆ ಹೇರುತ್ತಿರುವ ಸಾಮಾನು ಎಷ್ಟು ಕಿಲೋ ಎಂಬುದು ಹೇರುವ ಹಮಾಲನಿಗೆ ಗೊತ್ತಿರುವುದಿಲ್ಲ, ಹೇರಿಸುವ ವ್ಯಾಪಾರಿಗೆ ಗೊತ್ತಿರುವುದಿಲ್ಲ, ಕೊಂಡವರಿಗೆ ಗೊತ್ತಿರುವುದಿಲ್ಲ, ಓಡಿಸುವವನಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದೆಯೇ ಗಾಡಿ ಹೊರಡುತ್ತದೆ. ಇದನ್ನು ಒಂದಿಷ್ಟು ವಿವರವಾಗಿ ಬರೆಯಲು ನಿಮ್ಮ ಪತ್ರಿಕೆಯಲ್ಲಿ ಜಾಗ ಕೇಳುತ್ತಿದ್ದೇನೆ.

ನಮ್ಮ ಊರಿನ ಫರಸಿ ಕಲ್ಲು, ಅಂದರೆ ನೆಲಕ್ಕೆ ಹಾಸುವ ಕಲ್ಲು, ಮಾರಾಟವಾಗುವುದು ಚದರಡಿಯಲ್ಲಿ. ಅದನ್ನು ಹೊರುವ ನನ್ನ ಗಾಡಿಯ ಮಿತಿ ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ ಕಿಲೋಗ್ರಾಂನಲ್ಲಿದೆ. ಖಣಿಯಲ್ಲಾಗಲಿ ಪಾಲಿಶ್ ಮಾಡುವಲ್ಲಾಗಲಿ ಕೊಡುವ ಬಿಲ್ಲಿನಲ್ಲಿ ಚದರಡಿ ಇರುತ್ತದೆ, ದರ ಇರುತ್ತದೆ, ಒಟ್ಟು ಮೊತ್ತ ಇರುತ್ತದೆ. ತೂಕ ಮಾತ್ರ ಇರುವುದಿಲ್ಲ. ಮರಳು ಬ್ರಾಸ್ ಲೆಕ್ಕ, ಇಟ್ಟಿಗೆ ಸಾವಿರದ ಲೆಕ್ಕ, ನೀರು ಲೀಟರ್ ಲೆಕ್ಕ, ಕಣಿಕೆ (ಜೋಳದ ದಂಟು) ಸೂಡಿನ ಲೆಕ್ಕ. ಗಾಡಿಯ ಅಚ್ಚಿಗೆ (ಆಕ್ಸಲ್‌ಗೆ) ಇದ್ಯಾವ ಲೆಕ್ಕವೂ ತಿಳಿಯುವುದಿಲ್ಲ.

ಮೊದಲು ಗಾಡಿಯ ಲೆಕ್ಕ ಹೇಳುತ್ತೇನೆ. ಆರ್‌ಸಿಯಲ್ಲಿ ಎರಡು ತೂಕಗಳು ನಮೂದಾಗಿರುತ್ತವೆ. ಒಂದು, ಖಾಲಿ ಗಾಡಿಯ ತೂಕ. ಇನ್ನೊಂದು, ಗಾಡಿ, ಸಾಮಾನು, ಮನುಷ್ಯರು ಎಲ್ಲ ಸೇರಿ ಆ ಗಾಡಿ ಹೊರಬಹುದಾದ ಗರಿಷ್ಠ ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಸಿಗುವುದೇ ಪೇಲೋಡ್. ನಮ್ಮ ಕಡೆ ಗಾಡಿಯವರು ಇದನ್ನು ‘ಪಾಸಿಂಗ್’ ಎನ್ನುತ್ತಾರೆ. ನನ್ನ ಗಾಡಿಯ ಖಾಲಿ ತೂಕ 1,640 ಕಿಲೋ, ಗರಿಷ್ಠ ತೂಕ 2,940 ಕಿಲೋ. ಕಳೆದರೆ 1,300. ಗಾಡಿ ಕೊಳ್ಳುವಾಗ ಅಂಗಡಿಯಲ್ಲಿ ಹೇಳುವುದೂ ಇದೇ 1,300. ನಾನು ಅದನ್ನೇ ಎರಡು ವರ್ಷ ನಂಬಿದ್ದೆ.

ಅದರಲ್ಲಿ ನನ್ನ ಕೈಗೆ ನಿಜವಾಗಿ ಉಳಿಯುವುದು ಎಷ್ಟು? ಕಲ್ಲು ಹೇರುವ ಗಾಡಿಯ ತಳದ ತಗಡು ಬೇಗ ಹರಿದುಹೋಗುತ್ತದೆ. ಅದಕ್ಕೆ ದಪ್ಪ ಕಬ್ಬಿಣದ ಶೀಟು ಹಾಕಿಸಿದೆ, ಕಲ್ಲುಗಳನ್ನು ನಿಲ್ಲಿಸಿ ಕಟ್ಟಲು ಕೋನಪಟ್ಟಿಯ ಚೌಕಟ್ಟು ಮಾಡಿಸಿದೆ. ಎರಡೂ ಸೇರಿ 120 ಕಿಲೋ. 1988ರ ಮೋಟಾರು ವಾಹನ ಕಾಯ್ದೆ ಖಾಲಿ ಗಾಡಿಯ ತೂಕ ಎಂದರೇನು ಎಂದು ವಿವರಿಸುವಾಗ ಚಾಲಕನ ಮತ್ತು ಸಹಾಯಕನ ತೂಕವನ್ನು ಹೊರಗಿಟ್ಟಿದೆ. ಇದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ನಾನು 72 ಕಿಲೋ, ನನ್ನ ಜೊತೆಗಿರುವವನು 58 ಕಿಲೋ. ತಾಡಪತ್ರಿ, ಹಗ್ಗ, ಜಾಕ್, ಹಾರೆ, ನೀರಿನ ಕ್ಯಾನು ಎಲ್ಲ ಸೇರಿ 40. ಒಟ್ಟು 290 ಕಿಲೋ ಹೋಯಿತು. ಉಳಿದದ್ದು 1,010. ಒಂದು ಚದರಡಿ ಕಲ್ಲು ಹತ್ತುವ ಮೊದಲೇ ನನ್ನ 1,300ರಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಖರ್ಚಾಗಿರುತ್ತದೆ.

ಈಗ ಕಲ್ಲಿನ ಲೆಕ್ಕ. ಶಹಾಬಾದ್ ಕಲ್ಲು ಎಂದರೆ ಸುಣ್ಣದ ಕಲ್ಲು. ಒಂದು ಘನ ಅಡಿ ಕಲ್ಲು 70ರಿಂದ 75 ಕಿಲೋ ತೂಗುತ್ತದೆ. ಒಂದು ಇಂಚು ದಪ್ಪದ ಹಾಸುಗಲ್ಲಾದರೆ ಒಂದು ಚದರಡಿಗೆ ಸುಮಾರು 6 ಕಿಲೋ. ಹಾಗಾದರೆ ನನ್ನ ಗಾಡಿ ಹೊರಬಹುದಾದದ್ದು 168 ಚದರಡಿ. ಒಂದು ಸಣ್ಣ ಮನೆಯ ಪಡಸಾಲೆಗೂ ಅದು ಸಾಲದು. ಕೊಳ್ಳಲು ಬಂದವರು ಕೇಳುವುದು 300 ಚದರಡಿ. ಹೇರಿ ನೋಡಿದರೆ ಆ 300 ಚದರಡಿ ಕಲ್ಲು ಗಾಡಿಯ ಹಿಂದೆ ಸಾಮಾನು ಹೇರುವ ಡಬ್ಬಿಯಲ್ಲಿ ಅರ್ಧವನ್ನೂ ತುಂಬುವುದಿಲ್ಲ. ಜನರು ಮೋಸ ಹೋಗುವುದು ಇಲ್ಲಿಯೇ. “ಅರ್ಧ ಗಾಡಿ ಖಾಲಿ ಇದೆಯಲ್ಲ ತಮ್ಮಾ, ಇನ್ನೂ ನೂರು ಚದರಡಿ ಹಾಕಿಬಿಡು” ಎಂದು ಎಷ್ಟು ಜನ ನನಗೆ ಹೇಳಿದ್ದಾರೋ ಲೆಕ್ಕವಿಲ್ಲ. ಅವರು ಕೆಟ್ಟವರಲ್ಲ. ಕಣ್ಣಿಗೆ ಖಾಲಿ ಜಾಗ ಕಾಣುತ್ತದೆ, ತೂಕ ಕಾಣುವುದಿಲ್ಲ.

ಹತ್ತಿಯ ಹಂಗಾಮಿನಲ್ಲಿ ಇದೇ ಗಾಡಿಯನ್ನು ಯಾದಗಿರಿ, ಶಹಾಪುರದ ಕಡೆ ಒಯ್ದಾಗ ಲೆಕ್ಕವೆಲ್ಲ ತಲೆಕೆಳಗು. ಬಿಡಿ ಹತ್ತಿಯನ್ನು ಡಬ್ಬಿಯ ಮೇಲೆ ಇನ್ನೊಂದು ಆಳೆತ್ತರ ತುಳಿದು ತುಂಬಿದರೂ ಕಮಾನು (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು) ಬಗ್ಗುವುದಿಲ್ಲ. ಅಲ್ಲಿ ಭಯ ತೂಕದ್ದಲ್ಲ, ಎತ್ತರದ್ದು. ತಿರುವಿನಲ್ಲಿ ಗಾಡಿ ವಾಲುತ್ತದೆ, ಮೇಲೆ ವಿದ್ಯುತ್ ತಂತಿ ಇರುತ್ತದೆ. ಒಂದೇ ಗಾಡಿಗೆ ಒಂದು ತಿಂಗಳು ಜಾಗ ಸಾಲದೆ ಹೋಗುತ್ತದೆ, ಮರು ತಿಂಗಳು ಜಾಗ ಮಿಕ್ಕಿ ಬಲ ಸಾಲದೆ ಹೋಗುತ್ತದೆ.

ನಾನು ಈ ಲೆಕ್ಕ ಕಲಿತದ್ದು ಓದಿ ಅಲ್ಲ. 2017ರ ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿದ್ದವರೊಬ್ಬರಿಗೆ 300 ಚದರಡಿ ಕಲ್ಲು ಹೇರಿದ್ದೆ. ಅದಕ್ಕೆ ನಾಲ್ಕು ತಿಂಗಳ ಮೊದಲು ಗಾಡಿಯ ಹಿಂದಿನ ಕಮಾನಿಗೆ ಎರಡೆರಡು ಪಟ್ಟಿ ಹೆಚ್ಚಾಗಿ ಹಾಕಿಸಿದ್ದೆ. ಹಾಕಿದ ಉಸ್ತಾದರು ನನ್ನ ತಂದೆಯ ಕಾಲದವರು. ಹಾಕುವಾಗಲೇ ಒಂದು ಮಾತು ಹೇಳಿದ್ದರು: “ನೋಡಪ್ಪಾ, ನಾನು ಕಮಾನಿಗೆ ಪಟ್ಟಿ ಹಾಕಬಲ್ಲೆ, ಬ್ರೇಕಿಗೆ ಪಟ್ಟಿ ಹಾಕಲಾರೆ.” ಆಗ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಡಿ ಬಗ್ಗದೆ ನೆಟ್ಟಗೆ ನಿಂತದ್ದನ್ನು ನೋಡಿ ಸಂತೋಷಪಟ್ಟಿದ್ದೆ.

ನಂದೂರು ದಾಟಿದ ಮೇಲೆ ರಸ್ತೆಗೆ ಅಡ್ಡವಾಗಿ ಎಮ್ಮೆಗಳು ಬಂದವು. ದೂರದಿಂದಲೇ ಕಂಡಿದ್ದವು. ಖಾಲಿ ಗಾಡಿಯಾಗಿದ್ದರೆ, ಅಷ್ಟೇ ಏಕೆ, ಸರಿಯಾದ ತೂಕ ಹೇರಿದ್ದರೂ ಆರಾಮವಾಗಿ ನಿಲ್ಲುತ್ತಿತ್ತು. ನಾನು ಬ್ರೇಕ್ ಒತ್ತಿದೆ, ಗಾಡಿ ನಿಲ್ಲಲಿಲ್ಲ. ಎಡಕ್ಕೆ ತಿರುಗಿಸಿದೆ, ಮುಂದಿನ ಗಾಲಿಗಳು ಮಾತು ಕೇಳಲಿಲ್ಲ. ಕಲ್ಲುಗಳನ್ನು ಇಳಿಸಲು ಸುಲಭವಾಗಲಿ ಎಂದು ಹಿಂಬದಿಯ ಡಾಲಾದ (ತೆರೆಯುವ ಹಲಗೆಯ) ಹತ್ತಿರವೇ ನಿಲ್ಲಿಸಿದ್ದೆವು, ಹಿಂದೆ ಭಾರ ಹೆಚ್ಚಾಗಿ ಮುಂದೆ ಗಾಡಿ ಹಗುರಾಗಿತ್ತು. ರಸ್ತೆಯ ಪಕ್ಕದ ತಗ್ಗಿಗೆ ಇಳಿಯಿತು. ಹಗ್ಗ ಹರಿದು ಕಲ್ಲುಗಳು ಮುಂದಕ್ಕೆ ಜಾರಿ ಕ್ಯಾಬಿನ್ನಿನ ಹಿಂದಿನ ತಗಡನ್ನು ಒಳಕ್ಕೆ ನೂಕಿದವು. ನನ್ನ ಪಕ್ಕದಲ್ಲಿ ಅಕ್ಕನ ಮಗ ಕುಳಿತಿದ್ದ. ಹತ್ತೊಂಬತ್ತು ವರ್ಷ. “ಮಾಮಾ” ಎಂದು ಒಂದೇ ಸಲ ಕೂಗಿದ. ಅವನ ಬಲ ಭುಜದ ಮೂಳೆ ಎರಡು ಕಡೆ ಮುರಿದಿತ್ತು.

ಮರುದಿನ ಬಿದ್ದ ಕಲ್ಲುಗಳನ್ನೆಲ್ಲ, ಒಡೆದ ಚೂರುಗಳನ್ನೂ ಬಿಡದೆ, ಬೇರೆ ಲಾರಿಗೆ ಹೇರಿಸಿ ತೂಕದ ಕಾಟಾಕ್ಕೆ ಒಯ್ದೆ. ಯಾರೂ ಕೇಳಿರಲಿಲ್ಲ, ನನಗೇ ತಿಳಿಯಬೇಕಿತ್ತು. 2,210 ಕಿಲೋ ಬಂತು. ನಾನು ಅಂದಾಜು ಮಾಡಿದ್ದು 1,800. ಖಣಿಯಿಂದ ಪದರಪದರವಾಗಿ ಎಬ್ಬಿಸಿದ ಕಲ್ಲು ಎಲ್ಲ ಕಡೆ ಒಂದೇ ಇಂಚು ಇರುವುದಿಲ್ಲ, ಒಂದೂಕಾಲು ಇರುತ್ತದೆ, ಕೆಲವು ಕಡೆ ಒಂದೂವರೆ. ಚದರಡಿಯಲ್ಲಿ ಎಣಿಸಿದರೆ ಆ ಹೆಚ್ಚುವರಿ ದಪ್ಪ ಎಲ್ಲಿಯೂ ಕಾಣಿಸುವುದಿಲ್ಲ. ಹೊರಬೇಕಾದದ್ದು 1,010, ಹೊತ್ತದ್ದು 2,210. ಆ ಚೀಟಿ ಇಂದಿಗೂ ನನ್ನ ಗಾಡಿಯ ಕಾಗದಪತ್ರಗಳ ಜೊತೆಗಿದೆ. ಹುಡುಗನ ಕೈ ಈಗಲೂ ತಲೆಯ ಮೇಲಕ್ಕೆ ಪೂರ್ತಿ ಏಳುವುದಿಲ್ಲ.

ಆದ್ದರಿಂದ ಕಮಾನು ಪಟ್ಟಿಯ ವಿಷಯದಲ್ಲಿ ನನ್ನ ಜೊತೆಯ ಗಾಡಿಯವರಿಗೆ ಕೈಮುಗಿದು ಹೇಳುತ್ತೇನೆ. ಪಟ್ಟಿ ಹೆಚ್ಚಿಸಿದರೆ ಗಾಡಿಯ ಬಲ ಹೆಚ್ಚುವುದಿಲ್ಲ. ಪೇಲೋಡ್ ಎಂಬುದು ಕಮಾನು, ಅಚ್ಚು, ಚಾಸಿ, ಟೈರು, ಬೇರಿಂಗು, ಬ್ರೇಕು, ಇಷ್ಟರಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದರ ಮೇಲೆ ನಿಂತಿರುತ್ತದೆ. ಕಮಾನನ್ನು ಗಟ್ಟಿ ಮಾಡಿದಾಗ ಆಗುವುದು ಒಂದೇ: ಮೊದಲು ಗಾಡಿ ಬಗ್ಗಿ ‘ಸಾಕು’ ಎಂದು ತೋರಿಸುತ್ತಿತ್ತು, ಈಗ ತೋರಿಸುವುದಿಲ್ಲ. ನನ್ನ ತಂದೆ ಇದೇ ಕಲ್ಲನ್ನು ಎತ್ತಿನ ಬಂಡಿಯಲ್ಲಿ ರೈಲು ನಿಲ್ದಾಣಕ್ಕೆ ಸಾಗಿಸುತ್ತಿದ್ದರು. ಎತ್ತು ಕುತ್ತಿಗೆ ತಗ್ಗಿಸಿದ ರೀತಿ ನೋಡಿಯೇ ಅವರು ಎರಡು ಕಲ್ಲು ಇಳಿಸಿಬಿಡುತ್ತಿದ್ದರು. ಎಂಜಿನ್ನಿಗೆ ಆ ಸ್ವಭಾವವಿಲ್ಲ. ಅದು ಎರಡು ಟನ್ನನ್ನೂ ಎಳೆಯುತ್ತದೆ. ಎಳೆಯುವುದು ಬೇರೆ, ಹೊರುವುದು ಬೇರೆ, ಹೊತ್ತು ಓಡುವಾಗ ನಿಲ್ಲುವುದು ಇನ್ನೂ ಬೇರೆ.

ಟೈರಿನ ವಿಷಯ ನಮ್ಮ ಭಾಗದವರಿಗೆ ಬೇರೆಯಾಗಿಯೇ ಹೇಳಬೇಕು. ಪ್ರತಿ ಟೈರಿನ ಪಕ್ಕದಲ್ಲಿ ಅದು ಎಷ್ಟು ಭಾರ ಹೊರಬಲ್ಲದು ಎಂಬುದರ ಸಂಖ್ಯೆ ಅಚ್ಚೊತ್ತಿರುತ್ತದೆ. ಭಾರ ಹೆಚ್ಚಾದರೆ ಟೈರಿನ ಗೋಡೆ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿ, ಸೇಡಂ, ಚಿತ್ತಾಪುರದ ಡಾಂಬರಿನ ಮೇಲೆ ಅದು ಮೊದಲೇ ಕಾದಿರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಟೈರು ಒಡೆದು ಮಗುಚಿದ ಗಾಡಿಯನ್ನು ನೋಡಿ ‘ಬಿಸಿಲಿಗೆ ಒಡೆಯಿತು’ ಎನ್ನುತ್ತೇವೆ. ಕೇವಲ ಬಿಸಿಲಿಗೆ ಒಡೆಯುವುದಾದರೆ ಈ ಜಿಲ್ಲೆಯಲ್ಲಿ ಒಂದು ಗಾಡಿಯೂ ಉಳಿಯುತ್ತಿರಲಿಲ್ಲ.

ಬೇರೆ ಸಾಮಾನಿನ ತೂಕಗಳನ್ನೂ ಓದುಗರು ಒಮ್ಮೆ ನೆನಪಿಟ್ಟುಕೊಂಡರೆ ಒಳ್ಳೆಯದು. ಸಿಮೆಂಟ್ ಚೀಲ 50 ಕಿಲೋ, ಇಪ್ಪತ್ತು ಚೀಲಕ್ಕೆ ಒಂದು ಟನ್. ಇದರಲ್ಲಿ ಮೋಸವಿಲ್ಲ, ಚೀಲದ ಮೇಲೆಯೇ ಬರೆದಿದೆ, ಆದ್ದರಿಂದಲೇ ಸಿಮೆಂಟ್ ಹೇರುವಾಗ ಜಗಳ ಕಡಿಮೆ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಹೇರುವಾಗಲೂ ಅಷ್ಟೇ. ಚೀಲ ತೂಗಿಯೇ ಬರುತ್ತದೆ, ಎಷ್ಟು ಚೀಲ ಎಂದು ಎಣಿಸಿದರೆ ಎಷ್ಟು ಕ್ವಿಂಟಲ್ ಎಂದು ತಿಳಿಯುತ್ತದೆ. ಸುಟ್ಟ ಇಟ್ಟಿಗೆ ಒಂದಕ್ಕೆ ಸುಮಾರು ಮೂರು ಕಿಲೋ, ಸಾವಿರಕ್ಕೆ ಮೂರು ಟನ್. ಮರಳು ಒಂದು ಬ್ರಾಸ್ ಎಂದರೆ ನೂರು ಘನ ಅಡಿ. ಒಣಗಿದ್ದರೆ ನಾಲ್ಕೂವರೆ ಟನ್ನಿನ ಆಸುಪಾಸು, ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಊರೂರಿಗೆ ನೀರು ಒಯ್ಯುವ ಸಣ್ಣ ಗಾಡಿಗಳನ್ನು ನೋಡಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಸಾವಿರ ಲೀಟರ್ ನೀರು ಎಂದರೆ ಸಾವಿರ ಕಿಲೋ, ಟಾಕಿಯ ತೂಕ ಬೇರೆ. ಅದನ್ನು 750 ಕಿಲೋ ಪಾಸಿಂಗ್‌ನ ಗಾಡಿಯ ಮೇಲೆ ಇಡುತ್ತಾರೆ. ಹಾಗೆಂದು ಟಾಕಿಯನ್ನು ಮುಕ್ಕಾಲು ತುಂಬಿಸಿದರೆ ನೀರು ಒಳಗೇ ಅತ್ತಿತ್ತ ಬಡಿದು ತಿರುವಿನಲ್ಲಿ ಗಾಡಿಯನ್ನು ಎಳೆಯುತ್ತದೆ. ಅದಕ್ಕೆ ಸಣ್ಣ ಟಾಕಿಯೇ ಬೇಕು, ತುಂಬಿದ ಟಾಕಿಯೇ ಬೇಕು.

ಈಗ ದಂಡದ ಮಾತು. ಮೊದಲು ಓವರ್‌ಲೋಡಿಗೆ ದಂಡ 2,000 ರೂಪಾಯಿ, ಮೇಲೆ ಟನ್ನಿಗೆ ಒಂದು ಸಾವಿರ ಇತ್ತು. 2019ರ ತಿದ್ದುಪಡಿಯ ನಂತರ ಅದು 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ಆಗಿದೆ. ಹೆಚ್ಚುವರಿ ಸಾಮಾನನ್ನು ಇಳಿಸುವವರೆಗೆ ಗಾಡಿ ಮುಂದಕ್ಕೆ ಹೋಗುವಂತಿಲ್ಲ, ಇಳಿಸುವ ಖರ್ಚೂ ನಮ್ಮದೇ. ತೂಕಕ್ಕೆ ಗಾಡಿ ನಿಲ್ಲಿಸದೆ ಹೋದರೆ 40,000. ನಾನು ಒಂದು ಖೇಪಿಗೆ, ಅಂದರೆ ಒಂದು ಸಲದ ಸಾಗಣೆಗೆ, ತೆಗೆದುಕೊಳ್ಳುವ ಬಾಡಿಗೆ 1,400 ರೂಪಾಯಿ. ಅದರಲ್ಲಿ ಡೀಸೆಲ್ ಕಳೆಯಬೇಕು, ಜೊತೆಗಿರುವವನ ಕೂಲಿ ಕಳೆಯಬೇಕು. ಇಷ್ಟು ತಿಳಿದ ಮೇಲೂ ಏಕೆ ಹೇರುತ್ತೀರಿ ಎಂದು ನೀವು ಕೇಳಬಹುದು. ಒಂದು ಇಂಚಿನ 300 ಚದರಡಿಗೆ ಎರಡು ಖೇಪು ಬೇಕು, 2,800 ಆಗುತ್ತದೆ ಎಂದರೆ ಸಾವಕಾರರು ಮುಂದಿನ ಗಾಡಿಯವನನ್ನು ಕರೆಯುತ್ತಾರೆ. ಅವನ ಗಾಡಿಯ ಕಂತೂ ಐದನೇ ತಾರೀಖಿಗೇ ಇರುತ್ತದೆ.

ಮೋಟಾರು ವಾಹನ ಕಾಯ್ದೆಯ 194ನೇ ಕಲಮು ಓಡಿಸಿದವನನ್ನು ಮಾತ್ರ ಹಿಡಿಯುವುದಿಲ್ಲ. ಹಾಗೆ ಓಡಿಸಲು ಕಾರಣರಾದವರನ್ನೂ ಅವಕಾಶ ಕೊಟ್ಟವರನ್ನೂ ಸೇರಿಸಿ ಹೇಳುತ್ತದೆ. ಕಾಗದದಲ್ಲಿ ಹೀಗಿದ್ದರೂ ರಸ್ತೆಯಲ್ಲಿ ಸಿಕ್ಕಿಬೀಳುವವನು ಸ್ಟೇರಿಂಗ್ ಹಿಡಿದವನೊಬ್ಬನೇ. 300 ಚದರಡಿ ಕಲ್ಲನ್ನು 1,300 ಕಿಲೋ ಪಾಸಿಂಗ್‌ನ ಗಾಡಿಗೆ ಹೇರಿಸಿ ಬಿಲ್ ಹರಿದುಕೊಟ್ಟವರ ಕೈ ಶುಭ್ರವಾಗಿಯೇ ಉಳಿಯುತ್ತದೆ, ಏಕೆಂದರೆ ಆ ಬಿಲ್ಲಿನಲ್ಲಿ ತೂಕವೇ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ 2018ರಿಂದ ಬೆಳೆದಿದೆ. ಆ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ದೊಡ್ಡ ಗಾಡಿಗಳ ಅಚ್ಚಿನ ಮಿತಿಯನ್ನು ಏರಿಸಿತು. ನಾಲ್ಕು ಟೈರಿನ ಒಂಟಿ ಅಚ್ಚಿಗೆ 10.2 ಟನ್ ಇದ್ದದ್ದು 11.5 ಆಯಿತು, ಆರು ಗಾಲಿಯ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್ನಿಗೆ ಏರಿತು. ಅಂದಿನಿಂದ ಪಿಕಪ್ ಗಾಡಿಯವರೂ ‘ಸರ್ಕಾರವೇ ಹೆಚ್ಚಿಸಿದೆ’ ಎನ್ನುತ್ತಾರೆ. ಅದಕ್ಕೂ ನಮ್ಮ ಗಾಡಿಗಳಿಗೂ ಸಂಬಂಧವಿಲ್ಲ. ನಿಮ್ಮ ಆರ್‌ಸಿಯಲ್ಲಿ ನಮೂದಾಗಿರುವ ಒಟ್ಟು ತೂಕವೇ ನಿಮ್ಮ ಮಿತಿ.

ರಸ್ತೆಯ ಬಗ್ಗೆ ಹೆಚ್ಚು ಬರೆಯಲು ನನಗೆ ಅಧಿಕಾರವಿಲ್ಲ, ಆದರೆ ಎಂಜಿನಿಯರೊಬ್ಬರು ಹೇಳಿಕೊಟ್ಟ ಲೆಕ್ಕ ನನ್ನನ್ನು ಬಹಳ ದಿನ ಕಾಡಿತು. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ಭಾರದ ಲಾರಿಗಳನ್ನು ಓಡಿಸಿ ರಸ್ತೆ ಹೇಗೆ ಹಾಳಾಗುತ್ತದೆ ಎಂದು ಪರೀಕ್ಷಿಸಿದರಂತೆ. ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು. ಒಂದೂವರೆ ಪಟ್ಟಿಗೆ ಐದು ಪಟ್ಟು. ನಮ್ಮದೋ ಎರೆಮಣ್ಣು; ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಅದರ ಮೇಲಿನ ರಸ್ತೆಗೆ ಹೀಗೆ ಹೊಡೆತ ಬಿದ್ದರೆ ಎಷ್ಟು ದಿನ ಬಾಳೀತು? ಆ ತಗ್ಗಿನಲ್ಲಿ ಕಮಾನು ಮುರಿದುಕೊಳ್ಳುವವರೂ ನಾವೇ.

ದಂಡ ಇನ್ನೂ ಹೆಚ್ಚಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಬಾಡಿಗೆಯನ್ನು ಟನ್ ಲೆಕ್ಕದಲ್ಲಿ ಮಾಡಿ ಎಂದೂ ಕೇಳುವುದಿಲ್ಲ. ದೊಡ್ಡ ಲಾರಿಗಳಲ್ಲಿ ಟನ್ ಲೆಕ್ಕವೇ ಇದೆ, ಅಲ್ಲಿ ಹೇರಿದಷ್ಟೂ ದುಡ್ಡು ಎಂಬ ಬೇರೆ ಆಸೆ ಹುಟ್ಟುತ್ತದೆ. ನಾನು ಕೇಳುವುದು ಒಂದು ಸಾಲು. ಫರಸಿ ಕಲ್ಲು, ಇಟ್ಟಿಗೆ, ಮರಳು, ಖಡಿ (ಜಲ್ಲಿ) ಮಾರುವ ಪ್ರತಿಯೊಬ್ಬರ ಬಿಲ್ಲಿನಲ್ಲಿ, ಚದರಡಿ ಮತ್ತು ದರದ ಪಕ್ಕದಲ್ಲಿ, ಅಂದಾಜು ತೂಕ ಎಷ್ಟು ಕಿಲೋ ಎಂದು ಬರೆಯಲಿ. ಕಲ್ಲಿಗೆ ದಪ್ಪವನ್ನೂ ಬರೆಯಲಿ. ಇದಕ್ಕೆ ಯಂತ್ರ ಬೇಕಿಲ್ಲ, ಗುಣಾಕಾರ ಬಂದರೆ ಸಾಕು. ಜಿಲ್ಲಾಡಳಿತ ಮತ್ತು ಸಾರಿಗೆ ಅಧಿಕಾರಿಗಳು ಖಣಿ ಮಾಲೀಕರನ್ನೂ ಕಟ್ಟಡ ಸಾಮಗ್ರಿಯ ವ್ಯಾಪಾರಿಗಳನ್ನೂ ಒಂದು ದಿನ ಕೂರಿಸಿ ಇದನ್ನು ರೂಢಿಗೆ ತರಲಿ. ತೂಕ ಬರೆದ ಚೀಟಿ ಕೈಯಲ್ಲಿದ್ದರೆ “ಎರಡು ಖೇಪು ಬೇಕು” ಎಂಬ ನನ್ನ ಮಾತು ಬಾಡಿಗೆ ಹೆಚ್ಚಿಸುವ ಹುನ್ನಾರದಂತೆ ಕೇಳಿಸುವುದಿಲ್ಲ. ಮನೆ ಕಟ್ಟಿಸುವವರೂ ಕಲ್ಲು ಕೊಳ್ಳುವ ದಿನವೇ ಎರಡು ಖೇಪಿನ ದುಡ್ಡು ತೆಗೆದಿಡುತ್ತಾರೆ.

ಇನ್ನು ಗಾಡಿಯ ಬಾಗಿಲಿನ ಮೇಲೆ ತೂಕಗಳನ್ನು ಬರೆಸುತ್ತೇವಲ್ಲ, ಅದು ಎರಡು ಮೂರು ಇಂಗ್ಲಿಷ್ ಅಕ್ಷರಗಳ ಸಂಕ್ಷೇಪದಲ್ಲಿರುತ್ತದೆ. ಆರ್‌ಟಿಒ ಕಚೇರಿಯವರಿಗೆ ಅದು ಅರ್ಥವಾಗುತ್ತದೆ. ಕಲ್ಲು ಹೇರುವ ಹಮಾಲನಿಗೆ, ಕಲ್ಲು ಕೊಳ್ಳುವ ತಾಯಿಗೆ ಅರ್ಥವಾಗುವುದಿಲ್ಲ. ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಇರಲೇಬೇಕೆಂದು ಮಾಡಲು ಏನು ಕಷ್ಟ?

ಯಾರೂ ಮಾಡಲಿಲ್ಲವೆಂದು ನಾನು ಹೋದ ತಿಂಗಳು ನನ್ನ ಗಾಡಿಗೆ ನಾನೇ ಬರೆಸಿದೆ. ಪೇಂಟರ್ 150 ರೂಪಾಯಿ ತೆಗೆದುಕೊಂಡ. ಹಿಂಬದಿಯ ಡಾಲಾದ ಮೇಲೆ, ಹೇರುವವರ ಕಣ್ಣಿಗೆ ನೇರವಾಗಿ ಬೀಳುವಂತೆ, ಹಳದಿ ಅಕ್ಷರಗಳಲ್ಲಿ ಹೀಗಿದೆ: ‘ಈ ಗಾಡಿ ಹೊರುವುದು 1,010 ಕಿಲೋ. ಒಂದು ಇಂಚಿನ ಕಲ್ಲು 160 ಚದರಡಿ. ಒಂದೂಕಾಲು ಇಂಚಿನದು 130.’ ಮೊದಲ ವಾರ ಎರಡು ಬಾಡಿಗೆ ಕಳೆದುಕೊಂಡೆ. ಮೂರನೇ ವಾರ ಚಿತ್ತಾಪುರದ ಒಬ್ಬ ತಾಯಿ, ಮಗನ ಮನೆಗೆ ಕಲ್ಲು ಕೊಳ್ಳಲು ಬಂದವರು, ಅದನ್ನು ನಿಧಾನವಾಗಿ ಕೂಡಿಸಿ ಓದಿ, “ಹಾಗಾದರೆ ನಮ್ಮದು ಎರಡು ಸಲ ಆಗುತ್ತದೆ ಅಲ್ಲವೇನಪ್ಪಾ” ಎಂದು ತಾವೇ ಹೇಳಿದರು. ಚೌಕಾಸಿ ಮಾಡಲಿಲ್ಲ.

ಶಹಾಬಾದ್‌ನಲ್ಲಿ ಬಾಡಿಗೆ ಗಾಡಿಗಳು ನಿಲ್ಲುವಲ್ಲಿ ಭಾನುವಾರ ಬೆಳಿಗ್ಗೆ ನಾನು ಇರುತ್ತೇನೆ. ಯಾವ ಗಾಡಿಯವರಾದರೂ ಆರ್‌ಸಿ ತಂದರೆ, ತಳದ ಶೀಟು, ಜೊತೆಗಾರ, ಹಗ್ಗ ಎಲ್ಲವನ್ನೂ ಕಳೆದು ನಿಜವಾಗಿ ಎಷ್ಟು ಉಳಿಯುತ್ತದೆ ಎಂದು ಕುಳಿತು ಲೆಕ್ಕ ಹಾಕಿಕೊಡುತ್ತೇನೆ. ಅದೇ ಪೇಂಟರ್ ಹತ್ತಿರದಲ್ಲಿಯೇ ಇದ್ದಾನೆ.

ಇಂತಿ,
ಒಬ್ಬ ಬಾಡಿಗೆ ಗಾಡಿಯ ಮಾಲೀಕ ಹಾಗೂ ಚಾಲಕ,
ಶಹಾಬಾದ್, ಕಲಬುರಗಿ ಜಿಲ್ಲೆ